ನಮ್ಮ ರಸ್ತೆಯಿಂದ ಯಾರೂ ಹೋಗುವುದಿಲ್ಲ

ಮಾರ್ಚ್ ೩, ಸೋಮವಾರ

ಮಗನಿಗೆ ಯಾವುದೋ ಕಂಪನಿಯವರು ಕೊಟ್ಟ ಡೈರಿ ಎರಡು ತಿಂಗಳಿಂದ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ಒರೆಸಿ ತೆಗೆದುಕೊಂಡೆ. ಬರೆಯುವ ಚಟ ನನಗಿಲ್ಲ. ಆದರೆ ಒಂದು ವಿಷಯವನ್ನು ಮನೆಯಲ್ಲಿ ಎತ್ತಬಾರದು ಎಂದು ಸೊಸೆ ಹೇಳಿದ್ದಾಳೆ. ಈ ಮನೆಯಲ್ಲಿ ನಾನು ಎತ್ತಬಾರದ ವಿಷಯ ಎನ್ನುವುದು ಇದುವರೆಗೆ ಇರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ನಮ್ಮ ರಸ್ತೆಯ ತುದಿಯಲ್ಲಿದ್ದ ಬಾಟಲಿ ಕಾರ್ಖಾನೆಯನ್ನು ಕೆಡವಿ ಬಹಳ ಕಾಲವಾಯಿತು. ಆ ಬಯಲಿನಲ್ಲಿ ಈಗ ದೊಡ್ಡ ಶಾಪಿಂಗ್ ಮಾಲ್ ಕಟ್ಟುತ್ತಾರಂತೆ. ಬಯಲಿನ ಒಂದು ಮಗ್ಗುಲು ಮುಖ್ಯರಸ್ತೆಗೆ, ಇನ್ನೊಂದು ಮಗ್ಗುಲು ನಮ್ಮ ರಸ್ತೆಗೆ. ಕಾರುಗಳು ಒಳಗೆ ಹೋಗುವ ಗೇಟನ್ನು ಯಾವ ಕಡೆ ಇಡುತ್ತಾರೆ ಎಂಬುದೇ ಪ್ರಶ್ನೆ. ನಮ್ಮ ಕಡೆ ಇಟ್ಟರೆ ಕತೆ ಮುಗಿಯಿತು. ನಮ್ಮದು ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ರಸ್ತೆ. ಎದುರುಮನೆಯ ನಿವೃತ್ತ ಮೇಷ್ಟ್ರು ಸಂಜೆ ಕೋಲು ಹಿಡಿದು ರಸ್ತೆಯ ನಟ್ಟನಡುವೆ ಓಡಾಡುತ್ತಾರೆ. ಮಕ್ಕಳು ಸೈಕಲ್ ಕಲಿಯುವುದು ಇಲ್ಲೇ. ನಮ್ಮ ಗೇಟು ತೆರೆದರೆ ಯಾರದೋ ಬಂಪರ್ ತಾಗುವ ಹಾಗೆ ದಿನವಿಡೀ ಕಾರಿನ ಸಾಲು ನಿಲ್ಲುತ್ತದೆ.

ಇದನ್ನೆಲ್ಲ ಲೆಕ್ಕ ಹಾಕುವ ಆಫೀಸಿನಲ್ಲೇ ನಮ್ಮ ಸೊಸೆ ಇದ್ದಾಳೆ. ಮಾಲ್ ಬಂದರೆ ಯಾವ ರಸ್ತೆಯಲ್ಲಿ ಎಷ್ಟು ಗಾಡಿ ಹೆಚ್ಚುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಮೊದಲೇ ಹೇಳುವುದು ಅವರ ಕೆಲಸ. ಇನ್ನೂ ಕಟ್ಟದ ಕಟ್ಟಡಕ್ಕೆ ಇನ್ನೂ ಹೊರಡದ ಗಾಡಿಗಳನ್ನು ಎಣಿಸುವ ಕೆಲಸ! ಅವಳು ಬಿಸಿಲಲ್ಲಿ ಸಿಗ್ನಲ್ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕೂತದ್ದನ್ನು ಪರಿಚಯದವರು ನೋಡಿ ಬಂದು ನನ್ನನ್ನು ಕೇಳಿದ್ದುಂಟು. "ಇಂಜಿನಿಯರ್" ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ.

ಇವತ್ತು ಊಟಕ್ಕೆ ಕೂತಾಗ ಕೇಳಿದೆ. "ಗೇಟು ಯಾವ ಕಡೆ ಬರತ್ತೆ?"

"ಅದೊಂದನ್ನ ಕೇಳ್ಬೇಡಿ ಅತ್ತೆ. ಈ ರಸ್ತೆ ಕೆಲಸ ನನ್ನದಲ್ಲ. ನಾನು ಇಲ್ಲೇ ಇರೋದು ಅಂತ ಆಫೀಸಲ್ಲಿ ಬರ್ದುಕೊಟ್ಟಿದೀನಿ. ಬೇರೆಯವರು ನೋಡ್ಕೋತಾರೆ."

"ನೀನಿದ್ದೂ ಬೇರೆಯವರಾ?"

"ನಾನಿರೋದಕ್ಕೇ ಬೇರೆಯವರು."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ಅಷ್ಟು ಬುದ್ಧಿ ಇದೆ.

ಮಾರ್ಚ್ ೬, ಗುರುವಾರ

ಬೆಳಿಗ್ಗೆ ಸೊಸೆಯ ಆಫೀಸಿನ ಒಬ್ಬ ಉದ್ದನೆಯ ಇಂಜಿನಿಯರ್ ಬಂದು ನಮ್ಮ ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆ ಹಾಸಿ ಮೊಳೆ ಹೊಡೆಸಿದ. ಗಾಡಿಯ ಚಕ್ರ ಅದರ ಮೇಲೆ ಹತ್ತಿದರೆ ಒಳಗಿನ ಗಾಳಿ ಒತ್ತಿ ಪಕ್ಕದ ಡಬ್ಬಿ ಎಣಿಸಿಕೊಳ್ಳುತ್ತದಂತೆ. ಮೇಷ್ಟ್ರು ನೀರಿನ ಪೈಪು ಎಂದು ತಿಳಿದು, ಇಷ್ಟು ಸಣ್ಣದರಲ್ಲಿ ಯಾರ ಮನೆಗೆ ಸಾಲುತ್ತೆ ಎಂದು ಅವನ ಜೊತೆ ಬಹಳ ಹೊತ್ತು ವಾದ ಮಾಡಿದರು.

ಮಧ್ಯಾಹ್ನ ನೋಡುತ್ತೇನೆ, ಮೂಲೆಮನೆಯ ದರ್ಜಿಯಾಕೆ ಸ್ಕೂಟರ್ ಏರಿ ಕೊಳವೆಯ ಮೇಲೆ ಆಚೆಗೆ, ಈಚೆಗೆ, ಮತ್ತೆ ಆಚೆಗೆ. ಕಿಟಕಿಯಿಂದ ಕೂಗಿದೆ. "ಏನೇ ಅದು ಕುಣಿತ?"

"ಅಕ್ಕ, ಈಗಲೇ ಇಲ್ಲಿ ಗಾಡಿ ತುಂಬಿ ತುಳುಕ್ತಿದೆ ಅಂತ ಗೊತ್ತಾದ್ರೆ ಗೇಟು ಇಡಲ್ಲ ಅಲ್ವಾ?"

"ಪೆಟ್ರೋಲು ಬಿಟ್ಟಿ ಬಂತಾ? ಒಳಗೆ ಹೋಗಿ ಕತ್ತರಿ ಹಿಡಿ."

ಉದ್ದನೆಯವನು ಕಂಬಕ್ಕೆ ಒರಗಿ ನಗುತ್ತಿದ್ದ. "ಇಂಥವರಿಗೋಸ್ಕರವೇ ನಾವು ಬಹಳ ದಿನ ಇಡೋದು ಅಮ್ಮಾ. ಎಲ್ಲರಿಗೂ ಒಂದಿನ ಬೇಜಾರಾಗುತ್ತೆ" ಎಂದ. ಮರ್ಯಾದಸ್ಥ. ಬೂಟು ಮಾತ್ರ ಪಾಲಿಶ್ ಕಂಡು ಯುಗವಾಗಿದೆ.

ಮಾರ್ಚ್ ೧೨, ಬುಧವಾರ

ಎಲ್ಲ ಮನೆಗೂ ಒಂದು ಕಾಗದ ಬಂದಿದೆ. ಶನಿವಾರ ಮನೆಮನೆಗೆ ಬಂದು ಕೇಳುತ್ತಾರಂತೆ: ಮಾಲ್ ಬಂದರೆ ಹೋಗುತ್ತೀರಾ, ವಾರಕ್ಕೆ ಎಷ್ಟು ಸಲ, ಕಾರಿನಲ್ಲೋ ಬಸ್ಸಿನಲ್ಲೋ ನಡೆದೋ.

ಓದಿದ ತಕ್ಷಣ ದಾರಿ ಹೊಳೆಯಿತು. ಹೈಸ್ಕೂಲಿನಲ್ಲಿ ಗಣಿತಕ್ಕೆ ನಾನೇ ಮೊದಲಿಗಳು; ಮುಂದೆ ಓದಿಸಲಿಲ್ಲ, ಆ ಮಾತು ಬೇರೆ. ಯಾರೂ ಬರದ ಕಡೆ ಯಾರಾದರೂ ಅಂಗಡಿ ತೆರೆಯುತ್ತಾರಾ? ಇಷ್ಟು ಸರಳ.

ಸಂಜೆ ರಸ್ತೆಯವರನ್ನೆಲ್ಲ ನಮ್ಮ ವರಾಂಡಕ್ಕೆ ಕರೆಸಿದೆ. ಸೊಸೆ ಆಫೀಸಿನಲ್ಲಿದ್ದಳು. ಕುರ್ಚಿ ಸಾಲದೆ ಅರ್ಧ ಜನ ಮೆಟ್ಟಿಲ ಮೇಲೆ ಕೂತರು.

"ಯಾರು ಕೇಳಿದರೂ ಒಂದೇ ಉತ್ತರ. ನಾವು ಹೋಗಲ್ಲ. ಯಾರೂ ಹೋಗಲ್ಲ. ಯಾವತ್ತೂ ಹೋಗಲ್ಲ."

"ಅಲ್ಲಿ ತಾನೇ ಮೇಲಕ್ಕೆ ಹೋಗೋ ಮೆಟ್ಟಿಲು ಇರುತ್ತಂತೆ ಅಕ್ಕ" ಎಂದಳು ದರ್ಜಿಯಾಕೆ, ಕಣ್ಣು ಎಲ್ಲೋ ಇಟ್ಟುಕೊಂಡು.

"ನಿನ್ನ ಕಾಲಿಗೇನಾಗಿದೆ? ನೀನೇ ಹತ್ತು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಲ್ಲ, ಪುಸ್ತಕದಂಗಡಿ ಬಂದರೆ ಒಂದು ಕಣ್ಣು ಹಾಯಿಸಿ ಬರೋದರಲ್ಲಿ..."

"ಮನೇಲಿರೋ ಪುಸ್ತಕಾನೆಲ್ಲ ಓದಿ ಮುಗಿಸಿದ್ರಾ ಮೇಷ್ಟ್ರೇ?"

ಎಲ್ಲರೂ ಒಪ್ಪಿದರು. ನಮ್ಮ ರಸ್ತೆಯಲ್ಲಿರುವ ಒಗ್ಗಟ್ಟು ಬೇರೆಲ್ಲೂ ಇಲ್ಲ.

ಮಾರ್ಚ್ ೧೫, ಶನಿವಾರ

ಉದ್ದನೆಯವನೇ ಬಂದ. ಕಿಟಕಿಯ ಬಳಿ ಕೂತು ಕೇಳಿಸಿಕೊಂಡೆ. ಒಂದೊಂದು ಗೇಟಿನಿಂದಲೂ "ಇಲ್ಲ, ಹೋಗಲ್ಲ", "ನಾವಾ? ಇಲ್ಲಪ್ಪ." ಹಾಡಿನ ಹಾಗೆ. ಮೇಷ್ಟ್ರು ಮಾತ್ರ ಒಂದು ಸಲ ಕೆಮ್ಮಿ, ನನ್ನ ಕಿಟಕಿಯ ಕಡೆ ನೋಡಿ, ಆಮೇಲೆ ಇಲ್ಲ ಅಂದರು.

ನಮ್ಮ ಮನೆಗೆ ಬಂದಾಗ ಸೊಸೆ, "ನಾನು ಉತ್ತರ ಕೊಡೋ ಹಾಗಿಲ್ಲ, ನಿಮಗೇ ಗೊತ್ತಲ್ಲ" ಎಂದು ಅವನಿಗೆ ಹೇಳಿ ಮಾಳಿಗೆಗೆ ಹೋಗಿಬಿಟ್ಟಳು. ಮಗ, "ಅಲ್ಲಿ ಶೂ ಅಂಗಡಿ..." ಎಂದು ಶುರುಮಾಡಿ ನನ್ನ ಮುಖ ನೋಡಿ, "ಹೋಗಲ್ಲ" ಎಂದ.

ನನ್ನ ಸರದಿ. ಹೋಗಲ್ಲ, ಸೊನ್ನೆ ಸಲ, ಯಾವುದರಲ್ಲೂ ಇಲ್ಲ. ಎಲ್ಲ ಬರೆದುಕೊಂಡು ಕೊನೆಗೆ ಕೇಳಿದ. "ಮನೆಯಿಂದ ಹೊರಗೆ ಹೋಗಿದ್ದು ಕಡೇ ಸಲ ಯಾವಾಗ ಅಮ್ಮಾ?"

"ಅದು ನಿಮಗ್ಯಾಕೆ?"

"ಪಟ್ಟಿಯಲ್ಲಿದೆ."

"ಹಾಗಾದರೆ ಅದನ್ನ ಖಾಲಿ ಬಿಡಿ."

ಮಂಡಿ ನೋವು ಬಂದಮೇಲೆ ಮುಖ್ಯರಸ್ತೆ ದಾಟುವುದು ನನಗೆ ಆಗುವುದಿಲ್ಲ. ಆಗಬೇಕಾದದ್ದೂ ಇಲ್ಲ. ನನ್ನನ್ನು ನೋಡಬೇಕಾದವರು ಇಲ್ಲಿಗೇ ಬರುತ್ತಾರೆ. ಹಾಲು ಬರುತ್ತದೆ, ತರಕಾರಿ ಬರುತ್ತದೆ, ಇಸ್ತ್ರಿಯವನು ಬರುತ್ತಾನೆ. ಕಿಟಕಿ ಇದೆ. ಮನುಷ್ಯನಿಗೆ ಇನ್ನೇನು ಬೇಕು?

ಮಾರ್ಚ್ ೨೪, ಸೋಮವಾರ

ಕೊಳವೆ ಕಿತ್ತುಕೊಂಡು ಹೋದರು. ರಸ್ತೆ ಮೊದಲಿನಂತೆ. ಕರ್ಟನ್‌ಗಳನ್ನು ಒಗೆಸಿದೆ. ನೆಮ್ಮದಿ.

ಏಪ್ರಿಲ್ ೨, ಬುಧವಾರ

ಸೊಸೆ ಸಿಗ್ನಲ್ ಬಳಿ ಬಿಸಿಲು ಕುಡಿದು ಕೆಂಡವಾಗಿ ಬಂದಳು. ಅಗಲ ಅಂಚಿನ ನನ್ನ ಹಳೆಯ ಟೋಪಿ ಬೀರುವಿನಲ್ಲಿತ್ತು, ಕೊಟ್ಟೆ. ಕನ್ನಡಿ ಮುಂದೆ ನಿಂತು ನಕ್ಕಳು. ನಕ್ಕರೂ ಹಾಕಿಕೊಂಡಳು.

ನಮ್ಮ ರಸ್ತೆಯ ವಿಷಯ ಬಿಟ್ಟು ಉಳಿದದ್ದನ್ನು ಕೇಳಿದರೆ ಹೇಳುತ್ತಾಳೆ. ಮಾಲ್‌ಗೆ ಬರುವವರೆಲ್ಲ ಹೊಸ ಗಾಡಿಗಳಲ್ಲವಂತೆ. ಆಫೀಸಿನಿಂದ ಮನೆಗೆ ಹೇಗೂ ಆ ದಾರಿಯಲ್ಲೇ ಹೋಗುವವರು ಒಂದು ಗಳಿಗೆ ಒಳಹೊಕ್ಕು, ಬ್ರೆಡ್ಡು ಕೊಂಡು, ಮತ್ತೆ ಅದೇ ದಾರಿ ಹಿಡಿಯುತ್ತಾರೆ. ಅವರನ್ನು ಬೇರೆ ತೆಗೆದು ಎಣಿಸಬೇಕು, ಇಲ್ಲದಿದ್ದರೆ ಒಂದೇ ಗಾಡಿಯನ್ನು ಎರಡು ಸಲ ಎಣಿಸಿದಂತೆ. "ಅದು ಹೇಗೆ ಗೊತ್ತಾಗುತ್ತೆ?" ಎಂದೆ. "ಕೇಳ್ಬೇಕು ಅತ್ತೆ. ಜನ ಹೇಳಿದ್ರೆ ಗೊತ್ತಾಗುತ್ತೆ. ಬೇರೆ ದಾರಿನೇ ಇಲ್ಲ" ಎಂದಳು. ಲೆಕ್ಕ ಸ್ವಾರಸ್ಯವಾಗಿದೆ. ಎರಡು ಉದಾಹರಣೆ ನಾನೇ ಕಾಗದದ ಮೇಲೆ ಮಾಡಿ ನೋಡಿದೆ. ಒಂದು ಸರಿಬಂತು.

ಏಪ್ರಿಲ್ ೮, ಮಂಗಳವಾರ

ಕರಡು ವರದಿ ಹೊರಗೆ ಬಂದಿದೆ. ಮೇಷ್ಟ್ರು ಮೊಬೈಲಿನಲ್ಲಿ ನಕ್ಷೆ ತಂದು ತೋರಿಸಿದರು.

ಗೇಟು ನಮ್ಮ ರಸ್ತೆಗೆ. ನಮ್ಮ ಮನೆಯಿಂದ ಎರಡೇ ಮನೆ ಆಚೆಗೆ. ಅಲ್ಲಿ ಇದ್ದರೇನು, ಇಲ್ಲಿ ಇದ್ದರೇನು.

ಸೊಸೆ ಬಂದ ಕೂಡಲೇ ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ. ಬಟ್ಟೆ ಕೂಡ ಬದಲಿಸದೆ ಕೂತಲ್ಲೇ ನಿದ್ದೆಹೋದಳು. ನಾಡಿದ್ದು ಸಭೆ ಇದೆ, ಅಲ್ಲಿ ಯಾರು ಬೇಕಾದರೂ ಮಾತಾಡಬಹುದಂತೆ. ಹೋಗುತ್ತೇನೆ.

ಏಪ್ರಿಲ್ ೧೦, ಗುರುವಾರ

ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಸಭಾಂಗಣದ ಮೆಟ್ಟಿಲು ಜಾಸ್ತಿ, ಹಿಡಿಯಲು ಕಂಬಿ ಇಲ್ಲ. ಯಾರಿಗೂ ಕೈ ಕೊಡದೆ ಹತ್ತಿದೆ.

ಮುಂದೆ ಮೇಜಿನ ಹಿಂದೆ ಗೇಟು ತೀರ್ಮಾನಿಸುವ ಸಮಿತಿ, ನಡುವೆ ಅಧ್ಯಕ್ಷೆ. ಒಂದು ಪಕ್ಕಕ್ಕೆ ಸೊಸೆಯ ಆಫೀಸಿನವರ ಸಾಲು, ಅದರ ತುದಿಯಲ್ಲಿ ಅವಳು. ಉದ್ದನೆಯವನು ಎದ್ದು ಪರದೆಯ ಮೇಲೆ ಚಿತ್ರ ಹಾಕಿದ. ನಮ್ಮ ರಸ್ತೆ ಬೆರಳುದ್ದ ಇತ್ತು. ಪಕ್ಕದಲ್ಲಿ ಒಂದು ಸೊನ್ನೆ.

"ಮುಖ್ಯರಸ್ತೆ ಕಡೆ ಬಸ್ ಸ್ಟಾಪ್ ಇದೆ. ಆ ಕಡೆಯಿಂದ ನಡೆದು ಬರೋರು ಬಹಳ ಜನ. ಅಲ್ಲಿ ಕಾರಿನ ಗೇಟಿಟ್ಟರೆ ಅವರಿಗೆ ಅಪಾಯ. ಈ ರಸ್ತೆಯಿಂದ ನಡೆದು ಬರೋರು ಒಬ್ಬರೂ ಇಲ್ಲ. ನಾವು ಮನೆಮನೆಗೆ ಹೋಗಿ ಕೇಳಿದ್ದೀವಿ. ಹಾಗಾಗಿ ಗೇಟು ಈ ಕಡೆ ಇಡೋದೇ ಕ್ಷೇಮ."

ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಪರದೆ ನೋಡುತ್ತಿದ್ದೆ.

ಮೇಷ್ಟ್ರು ಎದ್ದರು. ಸಿಟ್ಟು ಬಂದರೆ ಅವರು ತರಗತಿಯಲ್ಲಿದ್ದ ಹಾಗೆ ಮಾತಾಡುತ್ತಾರೆ. "ನಮ್ಮ ರಸ್ತೆಯವರೇ ಒಬ್ಬರು ನಿಮ್ಮ ಸಾಲಿನಲ್ಲಿ ಕೂತಿದ್ದಾರೆ. ಅಕ್ಕಪಕ್ಕದವರಿಗೇ ಹೀಗೆ ಮಾಡೋದು ಹೇಗಾಯ್ತು ಅಂತ ಅವರೇ ಹೇಳಲಿ!"

ನನ್ನ ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು. "ಮಾಲಿನವರು ಆ ಹುಡುಗಿ ಕೈ ಬೆಚ್ಚಗೆ ಮಾಡಿರ್ತಾರೆ, ಬಿಡಿ."

ಸೊಸೆ ಮುಂದಿದ್ದ ಕಾಗದ ನೋಡುತ್ತಾ ಕೂತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

ನಾನು ಎದ್ದು ನಿಂತೆ. ಮಂಡಿ ಚಟ್ಟೆಂದಿತು. ಮೈಕು ತಂದುಕೊಟ್ಟರು, ಬೇಡ ಎಂದೆ.

"ಆ ಹುಡುಗಿ ನನ್ನ ಸೊಸೆ. ನಾನು ಎಷ್ಟು ಕೆಣಕಿದರೂ ಮನೇಲಿ ಈ ರಸ್ತೆ ವಿಷಯ ಒಂದಕ್ಷರ ಆಡಿಲ್ಲ. ಹೋಗಲ್ಲ ಅನ್ನಿ ಅಂತ ಎಲ್ಲರಿಗೂ ಹೇಳಿಕೊಟ್ಟವಳು ನಾನು. ಅವರೆಲ್ಲ ನನ್ನ ಮಾತಿಗೆ ಬೆಲೆ ಕೊಟ್ಟು ಹಾಗೇ ಅಂದರು. ಕೈ ಬೆಚ್ಚಗಾಗಿದೆಯಾ ಅಂತ ನೋಡಬೇಕಾದರೆ ನನ್ನ ಕೈ ನೋಡಿ." ಹಿಂದಿನ ಸಾಲಿನ ಕಡೆ ತಿರುಗಿ ಎರಡೂ ಕೈ ಚಾಚಿದೆ. ಅಲ್ಲಿ ಯಾರೂ ತಲೆ ಎತ್ತಲಿಲ್ಲ.

ಅಷ್ಟಕ್ಕೇ ಕೂರಬಹುದಿತ್ತು. ಆದರೆ ಉದ್ದನೆಯವನ ಮೇಲೂ ನನಗೆ ಸಿಟ್ಟಿತ್ತು. "ನೀವಾದರೂ ಏನಪ್ಪಾ? ಇಡೀ ರಸ್ತೆ ಒಂದೇ ಬಾಯಲ್ಲಿ ಒಂದೇ ಮಾತು ಹೇಳಿದರೆ ಅನುಮಾನ ಬರಬೇಡವಾ? ನಮ್ಮ ಮನೇಲಿ ಮೂರೇ ಜನ. ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಅನ್ನೋದರಲ್ಲೇ ಮೂರು ಅಭಿಪ್ರಾಯ!"

ಅವನು ಸಿಟ್ಟಾಗಲಿಲ್ಲ. "ಅನುಮಾನ ಬಂತಮ್ಮಾ. ವರದಿಯಲ್ಲಿ ಅದನ್ನ ಬರೆದೂ ಇದ್ದೀವಿ. ಆದರೆ ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಾನೇ ಊಹಿಸಿ ಅಂಕಿ ಹಾಕೋದಕ್ಕಾಗಲ್ಲ. ಇವತ್ತು ನಿಮಗೆ ಬೇಕಾದ ಹಾಗೆ ಹಾಕಿದರೆ, ನಾಳೆ ಮಾಲಿನವರಿಗೆ ಬೇಕಾದ ಹಾಗೆ ಹಾಕಬೇಕಾಗುತ್ತೆ."

ಅವನ ಮಾತು ಸರಿ ಎನಿಸಿ ಕೂತುಬಿಟ್ಟೆ. ಅಪರೂಪ.

ಅಧ್ಯಕ್ಷೆ ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು, ನಮ್ಮ ರಸ್ತೆಯನ್ನು ಇನ್ನೊಂದು ಸಲ ಕೇಳಲಿ, ಬಂದ ಉತ್ತರ ನೋಡಿ ಗೇಟು ತೀರ್ಮಾನವಾಗಲಿ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈ ಸಲ ಯಾರಿಗೂ ಏನೂ ಹೇಳಿಕೊಡಲ್ಲ ಅಂತ ಮಾತು ಕೊಡ್ತೀರಾ ಅಮ್ಮಾ?"

"ಕೊಟ್ಟೆ."

ಸಭೆಯೆಲ್ಲ ನಕ್ಕಿತು. ನಗುವಂಥದ್ದು ಏನಿತ್ತೋ. ಮನೆಗೆ ಬರುವಾಗ ಹಸಿವಾಗಿತ್ತು. ಊಟ ಚೆನ್ನಾಗಿ ಸೇರಿತು.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಸೊಸೆ ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದಳು.

"ನಾನು ಹೇಳಿಕೊಟ್ಟಿದ್ದು ನಿನಗೆ ಮೊದಲೇ ಗೊತ್ತಿತ್ತಾ?"

"ಅಂದಾಜಿತ್ತು ಅತ್ತೆ. ಆ ಸಂಜೆ ನಾನು ಬಂದಾಗ ವರಾಂಡದಲ್ಲಿ ಅಷ್ಟೊಂದು ಕುರ್ಚಿ ಇತ್ತು."

"ಹಾಗಾದರೆ ಬಾಯಿ ಬಿಡೋದಕ್ಕೇನಾಗಿತ್ತು? ಹೀಗೆ ಹೇಳಿದರೆ ಹೀಗಾಗುತ್ತೆ ಅಂತ?"

"ಹೇಳಿದ್ರೆ ನಾನೂ ನಿಮ್ಮ ಉತ್ತರ ತಿದ್ದಿದ ಹಾಗೇ ಆಗ್ತಿತ್ತಲ್ಲ."

"ಮನೆ ಮುಂದೆ ಕಾರು ಸಾಲು ನಿಂತರೂ?"

"ನಿಂತಿದ್ರೆ ನಿಮ್ಮ ಜೊತೆ ನಾನೂ ಬೈಕೊಂಡು ಓಡಾಡ್ತಿದ್ದೆ."

ಈ ಹುಡುಗಿ ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ನನ್ನ ಮಗ ಆರಿಸಿದ್ದರಲ್ಲಿ ಇದೊಂದು ಸರಿಯಾಗಿದೆ. ಅವನು ಕೊಂಡ ಸೋಫಾ ನೋಡಿದರೆ ಅವನಿಗೆ ಆರಿಸಲು ಬರುತ್ತದೆ ಎಂದು ಯಾರೂ ಹೇಳಲಾರರು.

ಸಂಜೆ ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತರು. ಸೊಸೆಯನ್ನು ಕರೆದು, "ತಪ್ಪು ತಿಳ್ಕೊಂಡೆ ಕಣಮ್ಮ" ಎಂದರು. ಅವಳು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಫ್ಯಾನು ಹಾಕಿದಳು. ನಾನು ಎದ್ದುಹೋಗಿ ಸಣ್ಣದು ಮಾಡಿದೆ.

ಏಪ್ರಿಲ್ ೧೬, ಬುಧವಾರ

ಎರಡನೆಯ ಸರದಿ ಶನಿವಾರ. ಇವತ್ತು ಮಧ್ಯಾಹ್ನದಿಂದ ಒಬ್ಬೊಬ್ಬರೇ ಬರತೊಡಗಿದರು. ಯಾರೂ ನೇರ ವಿಷಯಕ್ಕೆ ಬರುವುದಿಲ್ಲ. ಪಕ್ಕದ ಮನೆಯಾಕೆಗೆ ನನ್ನ ಗಿಡದ ಒಂದು ಕಡ್ಡಿ ಬೇಕಿತ್ತು. ಮೇಷ್ಟ್ರಿಗೆ ಪತ್ರಿಕೆ ಬೇಕಿತ್ತು. ಅವರ ಕಂಕುಳಲ್ಲೇ ಒಂದು ಪತ್ರಿಕೆ ಇತ್ತು.

ದರ್ಜಿಯಾಕೆಗೆ ಮಾತ್ರ ನೆಪ ಹುಡುಕಿ ಗೊತ್ತಿಲ್ಲ. "ಅಕ್ಕ, ಈ ಸಲ ದಿನಾ ನಡ್ಕೊಂಡು ಹೋಗ್ತೀವಿ ಅಂದುಬಿಡೋಣ್ವಾ? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗೇಟು ಎದ್ದುಬಿದ್ದು ಆಚೆ ಓಡುತ್ತೆ."

ನಿಜ ಬರೆಯುತ್ತೇನೆ, ನನಗೂ ಬೆಳಗಿನಿಂದ ಅದೇ ಯೋಚನೆ. ಎಲ್ಲರೂ ದಿನಾ ಎಂದರೆ ಹುಸಿ ಎಂದು ಗೊತ್ತಾಗುತ್ತದೆ. ಅರ್ಧ ಜನ ವಾರಕ್ಕೆ ಮೂರು, ಉಳಿದವರು ಎರಡು ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ಯಾವ ಮನೆಗೆ ಯಾವ ಅಂಕಿ ಎಂದು ಮನಸ್ಸಿನಲ್ಲೇ ಹಂಚಿಯೂ ಆಗಿತ್ತು. ಒಂದು ಮಾತು ಹೊರಗೆ ಬಿದ್ದಿದ್ದರೆ ಸಾಕಿತ್ತು, ಗೇಟು ಖಂಡಿತ ಆಚೆಗೆ.

"ನಿನ್ನ ಬಾಯಿ, ನಿನ್ನ ಮಾತು. ನನ್ನನ್ನ ಕೇಳಬೇಡ" ಎಂದೆ.

"ಹಂಗಂದ್ರೆ? ಹೋಗ್ತೀನಿ ಅನ್ಲಾ, ಹೋಗಲ್ಲ ಅನ್ಲಾ?"

"ಹೋಗ್ತೀಯಾ ನೀನು?"

ಬಾಯಿ ತೆರೆದಳು. ನಾನು ಕೈ ಎತ್ತಿ ನಿಲ್ಲಿಸಿದೆ. "ನನಗೆ ಹೇಳಬೇಡ. ಶನಿವಾರ ಅವನಿಗೆ ಹೇಳು."

"ಎಲ್ಲರೂ ನಿಜವಾಗ್ಲೂ ಹೋಗಲ್ಲ ಅಂದುಬಿಟ್ರೆ?"

"ಆಗ ಗೇಟು ಇಲ್ಲೇ ಬರುತ್ತೆ. ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಅಂತ ಈಗಲೇ ಯೋಚನೆ ಮಾಡ್ಕೋ."

ಹೆದರಿಕೊಂಡು ಹೋದಳು. ನಾನು ಹೆದರಿಲ್ಲ. ಆದರೆ ಕಪಾಟು ಜೋಡಿಸಲು ಕೂತವಳು ಒಂದೇ ಟವೆಲನ್ನು ಎಷ್ಟು ಸಲ ಮಡಚಿದೆನೋ.

ಏಪ್ರಿಲ್ ೧೯, ಶನಿವಾರ

ಕಿಟಕಿಯ ಬಳಿ ಕೂರಬಾರದು ಎಂದು ನಾನೇ ಕಟ್ಟು ಹಾಕಿಕೊಂಡೆ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ರೇಡಿಯೋ ಹಾಕಿದೆ. ಅವನು ಯಾವ ಮನೆಯಲ್ಲಿದ್ದಾನೋ, ಯಾರು ಏನು ಹೇಳುತ್ತಿದ್ದಾರೋ. ಒಂದು ಸಲ ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ಯಾರು, ಯಾಕೆ, ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಈ ರಸ್ತೆಯಲ್ಲಿ ಯಾರು ಯಾಕೆ ನಕ್ಕರು ಎಂದು ನನಗೆ ತಿಳಿಯದೆ ಹೋದದ್ದು ಇದೇ ಮೊದಲು. ರೇಡಿಯೋ ಇನ್ನಷ್ಟು ಜೋರು ಮಾಡಿದೆ.

ನಮ್ಮ ಮನೆಗೆ ಕೊನೆಗೆ ಬಂದ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿದ. ಅದು ಈ ಸಲದ ನಿಯಮ. ಮಗ ಒಳಗಿನಿಂದ ಹೊರಬಂದಾಗ ನನ್ನ ಕಡೆ ನೋಡದೆ ಸೀದಾ ಮಾಳಿಗೆ ಹತ್ತಿದ.

"ಮಾಲ್ ಬಂದರೆ ಹೋಗ್ತೀರಾ ಅಮ್ಮಾ?"

"ಅಲ್ಲಿ ಕೂರೋದಕ್ಕೆ ಜಾಗ ಇರುತ್ತಾ?"

"ಪ್ರಶ್ನೆ ಕೇಳೋನು ನಾನು."

"ಅದು ತಿಳಿಯದೆ ಹೇಗೆ ಉತ್ತರ ಹೇಳಲಿ? ಒರಗೋದಕ್ಕೆ ಬೆನ್ನಿರೋ ಬೆಂಚು. ಇರುತ್ತೋ ಇಲ್ಲವೋ?"

ನಕ್ಷೆ ತಿರುವಿ ನೋಡಿದ. "ಇರುತ್ತೆ. ಒಳಗೆ ನಡೆಯೋದಕ್ಕೆ ಉದ್ದನೆಯ ಹಾದಿಯೂ ಇದೆ. ಗಾಡಿ ಗೀಡಿ ಏನೂ ಬರಲ್ಲ. ಮೆಟ್ಟಿಲಿಲ್ಲ."

ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಗುಟ್ಟೆಂದರೆ ಗುಟ್ಟು. ಆದರೆ ವಾರಕ್ಕೆ ಎಷ್ಟು ಸಲ ಎಂದದ್ದಕ್ಕೆ ಉತ್ತರ ಕೊಟ್ಟು, ಅವನು ಬರೆದುಕೊಂಡ ಅಂಕಿ ನೋಡಿ, "ಜಾಸ್ತಿಯಾಯ್ತಾ?" ಎಂದು ನಾನೇ ಕೇಳಿದೆ.

"ನಿಮಗೆ ಗೊತ್ತಿರಬೇಕು."

ಒಂದು ಕಡಿಮೆ ಮಾಡಿಸಿದೆ.

ಏಪ್ರಿಲ್ ೨೫, ಶುಕ್ರವಾರ

ಇಸ್ತ್ರಿಯವನು ಸೊಸೆಯ ಕೆಲಸ ಏನೆಂದು ಕೇಳಿದ. ಹೇಳಿದೆ. ಹೊಸ ಗಾಡಿ ಯಾವುದು, ದಾರಿಯಲ್ಲಿ ಹೊಕ್ಕು ಹೋಗುವ ಗಾಡಿ ಯಾವುದು, ಸಂಜೆ ಸಿಗ್ನಲ್ ಹಸಿರು ಎಷ್ಟು ಹೊತ್ತು ಬೇಕು, ಎಲ್ಲ. "ಅಂಥವರು ಇಲ್ಲದೆ ಇದ್ದರೆ ಊರೆಲ್ಲ ಒಂದೇ ಕಡೆ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೀತಿರುತ್ತಪ್ಪಾ" ಎಂದೆ. ಅವನು ಎರಡು ಸಲ ಬಟ್ಟೆ ಗಂಟು ಎತ್ತಿದ, ಎರಡು ಸಲ ಕೆಳಗಿಟ್ಟ. ಅವನಿಗೂ ಬಹಳ ಆಸಕ್ತಿ ಇದ್ದಂತೆ ಕಂಡಿತು.

ಮೇ ೨, ಶುಕ್ರವಾರ

ಬಂತು!

ಕಾರಿನ ಗೇಟು ಮುಖ್ಯರಸ್ತೆಗೆ. ಬಸ್ ಸ್ಟಾಪನ್ನು ಸ್ವಲ್ಪ ಆಚೆಗೆ ಸರಿಸಿ ಅಲ್ಲಿ ಹೊಸ ಸಿಗ್ನಲ್. ಆ ಕಡೆಯವರು ಗೊಣಗುತ್ತಿದ್ದಾರಂತೆ. ಗೊಣಗಲಿ, ಅವರಿಗೂ ಒಂದು ಸಭೆ ಕೊಡುತ್ತಾರೆ. ನಮ್ಮ ರಸ್ತೆಯ ಕಡೆ ಬರೀ ನಡೆಯುವವರಿಗೆ ಒಂದು ಕಿರಿದಾದ ದಾರಿ. ಸ್ಕೂಟರ್ ಕೂಡ ನುಗ್ಗದಂತೆ ಕಂಬ ನೆಡುತ್ತಾರೆ.

ಮೇಷ್ಟ್ರು ರಸ್ತೆಯ ನಟ್ಟನಡುವೆ ನಿಂತು ವರದಿಯನ್ನು ಗಟ್ಟಿಯಾಗಿ ಓದಿದರು. ನಮ್ಮ ರಸ್ತೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ನಡೆದು ಹೋಗುವವರಂತೆ. ಅದರಲ್ಲೂ ಹೆಚ್ಚಿನವರು ವಯಸ್ಸಾದವರು. ಯಾರು ಏನು ಹೇಳಿದರು ಎಂದು ಮನೆವಾರು ಹಾಕಿಲ್ಲ. ಹಾಕುವ ಕ್ರಮ ಇಲ್ಲವಂತೆ.

ಸೊಸೆ ಸಂಜೆ ಬೇಗ ಬಂದಳು. ನಾನು ಬಾಗಿಲಲ್ಲೇ ಇದ್ದೆ. "ಬಾ, ಮೊದಲು ತಿನ್ನು" ಎಂದೆ. ಬೇರೆ ಏನು ಹೇಳಲಿ.

ಮೇ ೪, ಭಾನುವಾರ

ಮೂರರಲ್ಲಿ ಒಂದು ಪಾಲು ಜನ ನಿಜವಾಗಿಯೂ ಹೋಗುವುದಿಲ್ಲ ಅಂದಿದ್ದಾರೆ. ಯಾರು ಎಂದು ಬೆಳಗಿನಿಂದ ಕಿಟಕಿಯಲ್ಲಿ ಕೂತು ಒಬ್ಬೊಬ್ಬರ ಮುಖ ನೋಡಿದೆ. ಪಕ್ಕದ ಮನೆಯಾಕೆ ಇರಬಹುದು. ಅವಳ ಗಂಡ ಇರಲಾರ. ನನ್ನ ಮಗನ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಎಂದೂ ತಿಳಿದದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಕೆನಿಸಿತು. ಗಾಳಿ ಚೆನ್ನಾಗಿತ್ತು, ಸುಮ್ಮನೆ ಕೂತೆ.

ಮಧ್ಯಾಹ್ನ ದರ್ಜಿಯಾಕೆ ನನ್ನ ಕುಪ್ಪಸ ಸಡಿಲ ಮಾಡಿ ತಂದಳು. ಒಳಗೆ ಕಾಲಿಟ್ಟಾಗಲೇ ಮಾತು ತುಟಿಯ ಮೇಲಿತ್ತು. "ಅಕ್ಕ, ನಾನು ಅವತ್ತು ಅವನಿಗೆ ಏನಂದೆ ಗೊತ್ತಾ..."

"ಬೇಡ. ಹೇಳಬೇಡ."

"ಈಗ ಎಲ್ಲ ಮುಗೀತಲ್ಲ ಅಕ್ಕ!"

"ಮುಗಿದರೂ ಬೇಡ. ಕೂತ್ಕೋ, ಚಹಾ ಮಾಡ್ತೀನಿ."

ಪೆಚ್ಚಾಗಿ ಕೂತಳು. ಚಹಾ ಸೋಸಿ, ಸಕ್ಕರೆ ಡಬ್ಬಿ ತೆರೆದು, ಚಮಚ ಹಿಡಿದವಳು ಯಾಕೋ ಕೇಳಿದೆ. "ಸಕ್ಕರೆ ಎಷ್ಟು ಹಾಕಲಿ?"

ಅವಳು ಹಿಂದೆ ಯಾರಾದರೂ ಬಂದಿದ್ದಾರಾ ಎಂದು ತಿರುಗಿ ನೋಡಿದಳು. "ನನ್ನನ್ನಾ ಅಕ್ಕ?"

"ಮತ್ತೆ ಗೋಡೆನ ಕೇಳ್ತಿದೀನಾ?"

"ಬೇಡ ಅಕ್ಕ. ನಾನು ಸಕ್ಕರೆನೇ ಹಾಕ್ಕೊಳಲ್ಲ."

"ಇದು ಯಾವಾಗಿಂದ?"

"ಮೊದಲಿಂದಾನೂ ಇಲ್ಲ."

ಈ ಹೆಂಗಸು ನಮ್ಮ ರಸ್ತೆಗೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಳೆ. ಪ್ರತಿ ಸಲವೂ ನಾನು ಎರಡು ಚಮಚ ತುಂಬಾ ಹಾಕಿ ಕೊಟ್ಟಿದ್ದೇನೆ, ಅವಳು ತಳದವರೆಗೂ ಕುಡಿದು ಚೆನ್ನಾಗಿದೆ ಅಕ್ಕ ಎಂದಿದ್ದಾಳೆ. ಒಂದು ದಿನವಾದರೂ ಬಾಯಿ ಬಿಡಬಾರದಿತ್ತೇ? ಜನ ಹೀಗೆ ಮನಸ್ಸಿನಲ್ಲೇ ಇಟ್ಟುಕೊಂಡು ಕೂತರೆ, ಪಾಪ, ನಮ್ಮ ಸೊಸೆಯಂಥವರು ಲೆಕ್ಕ ಹಾಕುವುದಾದರೂ ಹೇಗೆ?